ಬಣವೆಗೂ ಹಿಡಿ ತೆನೆಗೂ ನಡುವೆ

ಝಾಂ-ಫ್ರಾಂಸ್ವಾ ಮಿಲೆಯ ‘ಹಕ್ಕಲಾಯುವ ಹೆಂಗಸರು’ ಚಿತ್ರವನ್ನು ನೋಡಿದವರೆಲ್ಲ ಆ ಬಾಗಿದ ಬೆನ್ನುಗಳ ಬಗ್ಗೆಯೇ ಮಾತಾಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೆನ್ನುಗಳ ಹಿಂದಿನ ಹೊಲ. ಮುಂದೆ, ಕೂಳೆಯ ನೆಲದ ಮೇಲೆ ಮೂವರು ಹೆಂಗಸರು. ಹಿಂದೆ, ಬಹಳ ಹಿಂದೆ, ಮನೆಯೆತ್ತರದ ಬಣವೆಗಳು, ಸಿವುಡು ಹೇರಿದ ಗಾಡಿ, ಕೊಯ್ಲಿನ ಆಳುಗಳ ಗುಂಪು. ಬಲಗಡೆ ಕುದುರೆಯೇರಿದ ಮೇಲ್ವಿಚಾರಕ. ಬೆರಳ ತುದಿಯಲ್ಲಿ ಮುಚ್ಚಿಬಿಡಬಹುದು, ಅಷ್ಟು ಚಿಕ್ಕವನು. ಫಸಲೂ ಬೆಳಕೂ ಆ ಕಡೆ. ಈ ಕಡೆಗೆ ಉದುರಿ ಉಳಿದ ತೆನೆ. ನಡುವೆ ಬರಿದಾದ ಬಯಲು. ಚಿತ್ರದ ರಾಜಕೀಯವೆಲ್ಲ ಆ ಬಯಲಿನಲ್ಲಿದೆ.

1857ರ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಬಂದವರಿಗೆ ಇದು ಅರ್ಥವಾಗದೆ ಇರಲಿಲ್ಲ. 1848ರ ಕ್ರಾಂತಿಗೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಪಾಲ್ ದ ಸ್ಯಾಂ-ವಿಕ್ತೋರ್ ಎಂಬ ವಿಮರ್ಶಕ ಇವರನ್ನು ದಾರಿದ್ರ್ಯದ ಮೂವರು ವಿಧಿದೇವತೆಗಳೆಂದು ಹಂಗಿಸಿದ. ಇನ್ನೊಬ್ಬನಿಗೆ ಇವರ ಹಿಂದೆ ಫ್ರೆಂಚ್ ಕ್ರಾಂತಿಯ ದಿನಗಳ, 1793ರ ವಧಾಸ್ಥಾನವೇ ಕಂಡಿತು! ಹಕ್ಕಲಾಯುವುದು ಬಡವರಿಗೆ ಹಿಂದಿನಿಂದ ನಡೆದುಬಂದ ಹಕ್ಕು. ಕದಿಯುವವರೂ ಅಲ್ಲ, ದಂಗೆಯೇಳುವವರೂ ಅಲ್ಲದ ಮೂವರು ಹೆಂಗಸರಿಗೆ ಪ್ಯಾರಿಸ್ಸಿನ ಸಿರಿವಂತರು ಹೆದರಿದರು.

ಮಿಲೆ ಸ್ವತಃ ನಾರ್ಮಂಡಿಯ ಒಕ್ಕಲು ಮನೆಯವನು, ಹೊಲದ ಕೆಲಸ ಮಾಡಿ ಬೆಳೆದವನು. ಅದು ಗೊತ್ತಾಗುವುದು ಮೈಕಟ್ಟು ಬಿಡಿಸಿದ ಬಗೆಯಲ್ಲಿ. ನೀಲಿ ತಲೆವಸ್ತ್ರದವಳು ಒಂದು ಕೈಯನ್ನು ಬೆನ್ನ ಮೇಲಿಟ್ಟು ಇನ್ನೊಂದನ್ನು ನೆಲಕ್ಕೆ ಚಾಚಿದ್ದಾಳೆ. ಹೊತ್ತುಗಟ್ಟಲೆ ಬಗ್ಗಿದವರ ಕೈ ತಾನಾಗಿಯೇ ಹೋಗಿ ಕೂರುವ ಜಾಗ ಅದು. ಕೆಂಪು ವಸ್ತ್ರದವಳ ಬೆರಳು ತೆನೆಗೆ ತಾಗುವುದರಲ್ಲಿದೆ. ಬಲಗಡೆಯವಳು ಅರ್ಧ ಬಗ್ಗಿದ್ದಾಳೆ. ಬಗ್ಗುತ್ತಿದ್ದಾಳೋ ಏಳುತ್ತಿದ್ದಾಳೋ ಹೇಳಲಾಗದು. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಇಷ್ಟ ಇವಳೇ. ಅವಳಿಲ್ಲದಿದ್ದರೆ ಉಳಿದಿಬ್ಬರು ಕೆತ್ತಿದ ಪ್ರತಿಮೆಗಳಾಗಿಬಿಡುತ್ತಿದ್ದರು. ಅವಳಿರುವುದರಿಂದ ಕೆಲಸ ನಡೆಯುತ್ತಲೇ ಇದೆ. ಮುಂದಿನಿಬ್ಬರ ತಲೆ ದಿಗಂತದ ಗೆರೆಗಿಂತ ಕೆಳಗೇ ಉಳಿದಿದೆ. ಆಕಾಶ ಅವರ ಪಾಲಿಗಿಲ್ಲ.

ಆದರೆ ಆ ಹೊಂಬಣ್ಣದ ಬಗ್ಗೆ ನನಗೆ ತಕರಾರಿದೆ. ಕೊಯ್ಲುಗಾಲದ ಬಿಸಿಲು ಇಷ್ಟು ಮೆತ್ತಗಿರುವುದಿಲ್ಲ. ಬೆವರಿಲ್ಲ, ಕೂಳೆ ತರಚಿದ ಗಾಯವಿಲ್ಲ, ಹೊಟ್ಟಿನ ಧೂಳು ಕೂಡ ಮಂಜಿನಂತೆ ಸೊಗಸಾಗಿದೆ. ಗೋಡೆಗೆ ತೂಗುಹಾಕುವ ಅಚ್ಚುಪ್ರತಿಗಳಲ್ಲಿ ಈ ಚಿತ್ರ ಹಳ್ಳಿಯ ನೆಮ್ಮದಿಯ ದೃಶ್ಯವಾಗಿ ಮಾರಾಟವಾಯಿತೆಂದರೆ, ಅದಕ್ಕೆ ಮಿಲೆಯ ಕುಂಚವೂ ಸ್ವಲ್ಪ ಹೊಣೆ. ಅವನು 3,000 ಫ್ರಾಂಕಿಗೆ ಕೊಟ್ಟದ್ದು 1889ರಲ್ಲಿ 3,00,000 ಫ್ರಾಂಕಿಗೆ ಹೋಯಿತು. ಕೊಂಡವಳು ಶಾಂಪೇನ್ ವ್ಯಾಪಾರದ ಮದಾಮ್ ಪೊಮೆರಿ. ಅವಳಿಂದ ಅದು ಲೂವ್ರ್ ಸೇರಿತು. ಆ ಮಾರಾಟದ ಹೊತ್ತಿಗೇ ಮಿಲೆ ತೀರಿಕೊಂಡು ಹದಿನಾಲ್ಕು ವರ್ಷ.

ಹೋಲಿಸಬೇಕಾದ ಚಿತ್ರ ಜೂಲ್ ಬ್ರೆತೋನನದು, 1859ರದು. ಅಲ್ಲಿಯೂ ಹಕ್ಕಲಾಯುವವರೇ. ಆದರೆ ಹೊತ್ತು ಇಳಿದಿದೆ, ಹೊಲದ ಕಾವಲುಗಾರ ಕೂಗಿ ಕರೆಯುತ್ತಿದ್ದಾನೆ, ಹೆಂಗಸರು ಸಿವುಡು ಹೊತ್ತು ನೆಟ್ಟಗೆ ನಡೆದು ಬರುತ್ತಿದ್ದಾರೆ. ಆಯ್ದದ್ದು ಹೊರೆಯಾಗಿದೆ, ಕೆಲಸ ಮುಗಿದಿದೆ, ನೋಡುವವನಿಗೆ ನಿರಾಳ. ಮೂರನೆಯ ನೆಪೋಲಿಯನ್ನನ ಆಸ್ಥಾನ ಅದನ್ನು ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಬ್ರೆತೋನನಿಗೆ ಸಲ್ಲಬೇಕಾದದ್ದು ಒಂದಿದೆ: ಅವನ ಹೆಂಗಸರಿಗೆ ಮುಖವಿದೆ, ಒಬ್ಬಳು ಇನ್ನೊಬ್ಬಳಂತಿಲ್ಲ. ಮಿಲೆಯ ಮೂವರ ಮುಖ ನೆರಳಿನಲ್ಲಿ ಕರಗಿದೆ. ದುಡಿಮೆ ಮುಖವನ್ನು ನೆಲಕ್ಕೆ ತಿರುಗಿಸುತ್ತದೆ ಎಂದು ಅವನ ಪರವಾಗಿ ವಾದಿಸಬಹುದು, ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಹೆಸರಿಲ್ಲದವರನ್ನು ಹೆಸರಿಲ್ಲದೆಯೇ ದೊಡ್ಡವರನ್ನಾಗಿ ಮಾಡುವ ಅನುಕೂಲವೂ ಅದರಲ್ಲಿದೆ ಎಂಬ ಅನುಮಾನ ಮಾತ್ರ ಬಿಡದು. ಎರಡೂ ಚಿತ್ರಗಳು ಇಂದು ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದವು. ಅಲ್ಲಿಗೆ ಹೋಗುವವರು ಬ್ರೆತೋನನದನ್ನು ಮೊದಲು ನೋಡಲಿ. ಮಿಲೆ ಏನೇನನ್ನು ಬಿಟ್ಟುಕೊಟ್ಟು ಆ ಬಯಲನ್ನು ಪಡೆದ ಎಂಬುದು ಆಗ ಸ್ಪಷ್ಟವಾಗುತ್ತದೆ.