‘ಸಿಂಹಗಡ’ದ ಇರುಳು

ಕೊಲ್ಹಾಪುರದ ಬಾಬೂರಾವ್ ಪೇಂಟರ್ 1923ರಲ್ಲಿ ತೆರೆಗೆ ತಂದ ‘ಸಿಂಹಗಡ’ ಯುದ್ಧಚಿತ್ರವೆಂದೇ ಹೆಸರಾದರೂ, ಅದರ ನಿಜವಾದ ಸಾಹಸವಿರುವುದು ಕತ್ತಿವರಸೆಯಲ್ಲಲ್ಲ, ಬೆಳಕಿನಲ್ಲಿ. 1670ರ ಫೆಬ್ರವರಿಯ ಒಂದು ರಾತ್ರಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಕಡಿದಾದ ಬಂಡೆಯೇರಿ, ಸಿಂಹಗಡವೆಂದು ಹೆಸರಾದ ಕೊಂಡಾಣ ಕೋಟೆಗೆ ಲಗ್ಗೆಯಿಟ್ಟು, ಕೋಟೆ ಕೈವಶವಾಗುವ ಹೊತ್ತಿಗೆ ತಾನೇ ಮಡಿದ ಆ ಕಥೆಯ ಜೀವವೆಲ್ಲ ಕತ್ತಲಲ್ಲಿದೆ. ಅಂದಿನ ಚಿತ್ರೀಕರಣವಾದರೋ ಬಿಸಿಲನ್ನೇ ನೆಚ್ಚಿಕೊಂಡಿತ್ತು. ಹಗಲಿನಲ್ಲಿ ತೆಗೆದ ಫಿಲ್ಮನ್ನು ನೀಲಿ ಬಣ್ಣದ ದ್ರಾವಣದಲ್ಲಿ ಅದ್ದಿ ಅದನ್ನೇ ರಾತ್ರಿಯೆಂದು ತೋರಿಸುವುದು ಮೂಕಿಯುಗದ ವಾಡಿಕೆಯಾಗಿತ್ತು. ಪೇಂಟರ್ ಕೃತಕ ದೀಪಗಳನ್ನು ಹೊತ್ತಿಸಿ ಇರುಳನ್ನು ಇರುಳಾಗಿಯೇ ಸೆರೆಹಿಡಿಯಲು ಮುಂದಾದರು. ನಾಟಕ ಕಂಪನಿಗಳಿಗೆ ಪರದೆ ಬರೆದು ಪಳಗಿದ್ದ ಈ ಕಲಾವಿದನಿಗೆ ನೆರಳು ಎಲ್ಲಿ ಬೀಳಬೇಕೆಂಬುದು ಬೆರಳ ತುದಿಯ ವಿದ್ಯೆಯಾಗಿತ್ತು. ಶಿವಾಜಿಯ ಪಾತ್ರವನ್ನೂ ಅವರೇ ವಹಿಸಿದ್ದರು, ತಾನಾಜಿಯ ಜೊತೆಗಾರ ಶೇಲಾರ್ ಮಾಮನಾಗಿ ತರುಣ ವಿ. ಶಾಂತಾರಾಮ್ ಕಾಣಿಸಿಕೊಂಡಿದ್ದರು.

ಅದೇ ಮೂಕಿಯುಗದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲೂ, ಇಂದಿನ ಶಿವಾಜಿನಗರದ ಎಲ್ಗಿನ್‌ನಂತಹ ಮಂದಿರಗಳಲ್ಲಿ, ಮೂಕಿಚಿತ್ರಗಳು ಓಡುತ್ತಿದ್ದವು. ತಮಿಳು, ಉರ್ದು, ಇಂಗ್ಲಿಷ್, ಕನ್ನಡಗಳು ಒಂದೇ ಬೀದಿಯಲ್ಲಿ ಬೆರೆತಿದ್ದ ಅಂಥ ಕಡೆ ಮೂಕಿಯ ಮೌನವೇ ಅನುಕೂಲವಾಗಿತ್ತು, ಏಕೆಂದರೆ ದೃಶ್ಯಗಳ ನಡುವೆ ಮೂಡುವ ಬರಹದ ಫಲಕಗಳನ್ನು ಓದಬಲ್ಲವರು ಓದಿ ಹೇಳಿದರೆ ಸಾಕು, ಕಾಳಗಕ್ಕಂತೂ ಅದೂ ಬೇಕಿರಲಿಲ್ಲ. ಸದ್ದಿನ ಕೊರತೆಯನ್ನು ತೆರೆಯ ಪಕ್ಕದ ವಾದ್ಯದವರು ತುಂಬುತ್ತಿದ್ದರು. ಆದರೆ ಹತ್ತಿರ ಹೋಗಿ ತೋರಿಸುವ ಅನುಕೂಲ ರಂಗಭೂಮಿಯ ಯುದ್ಧಕ್ಕಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರೂ, ಆ ವೈಭವವನ್ನು ಪ್ರೇಕ್ಷಕ ತಾನು ಕುಳಿತ ದೂರದಿಂದಲೇ ನೋಡಬೇಕಾಗಿತ್ತು. ಕ್ಯಾಮೆರಾ ಮಾತ್ರ ಬಂಡೆಗೆ ಕಚ್ಚಿಕೊಂಡ ಒಂದೇ ಒಂದು ಕೈಯ ಹತ್ತಿರಕ್ಕೂ ಹೋಗಬಲ್ಲದು.

ಮೂಕಿಯುಗದಲ್ಲಿ ಕೊಲ್ಹಾಪುರ ಗಳಿಸಿದ್ದ ಈ ಕಸುಬುಗಾರಿಕೆಯ ನೆಲದಲ್ಲೇ ಕನ್ನಡದ ವಾಕ್ಚಿತ್ರವೂ ಕಣ್ಣುಬಿಟ್ಟಿತು. ವೈ.ವಿ. ರಾವ್ ನಿರ್ದೇಶನದ ‘ಸತಿ ಸುಲೋಚನ’, ರಾವಣನ ಮಗ ಇಂದ್ರಜಿತುವಿನ ಕಾಳಗವನ್ನು ಒಳಗೊಂಡ ಆ ಪೌರಾಣಿಕ ಚಿತ್ರ, ಅಲ್ಲಿಯ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾಗಿ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ‘ಸಿಂಹಗಡ’ದ ಪ್ರತಿ ಇಂದು ಉಳಿದಿಲ್ಲ, ಆ ದೀಪಗಳು ಬಂಡೆಯ ಮೇಲೆ ಚೆಲ್ಲಿದ್ದ ಬೆಳಕನ್ನು ನೋಡುವ ಭಾಗ್ಯ ಇಂದಿನ ಪ್ರೇಕ್ಷಕನಿಗೆ ಇಲ್ಲವಾಗಿದೆ.