ಎರಡು ಚೌಕಗಳ ನಡುವಿನ ಬಾಣ

ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ ಕಣ್ಣಿಗೆ ಕಾಣುವುದು ಇಷ್ಟೇ: ಬಂಡೆಯಲ್ಲೊಂದು ಸಣ್ಣ ಕುಳಿ, ಅದರಲ್ಲಿ ನೀರು. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ರಾಮ ಬಂಡೆಗೆ ಬಾಣ ಬಿಟ್ಟನಂತೆ, ಚಿಲುಮೆ ಉಕ್ಕಿತಂತೆ. ಹೋದ ಭಾನುವಾರ ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳು ಕುಳಿಯ ಕಡೆ ಬಗ್ಗಿ ಬಹಳ ಹೊತ್ತು ನೋಡಿ, ‘ಬಾಣ ಎಲ್ಲಿ ಹೋಯ್ತು ತಾತ?’ ಅಂದಳು.

ಚಿತ್ರಕಥೆ ಬರೆಯುವವನು ಮೊದಲು ಎದುರಿಸಬೇಕಾದ ಪ್ರಶ್ನೆಯೇ ಇದು. ಒಂದು ಚೌಕದಲ್ಲಿ ಹೆದೆ ಎಳೆದ ರಾಮ, ಪಕ್ಕದ ಚೌಕದಲ್ಲಿ ಬಂಡೆಯಿಂದ ಚಿಮ್ಮುವ ನೀರು. ಬಾಣ ಹಾರಿದ್ದನ್ನು ಯಾರೂ ಬರೆದಿಲ್ಲ. ಎರಡು ಚೌಕಗಳ ನಡುವಿನ ಬಿಳಿ ಗೆರೆಯಲ್ಲಿ ಅದನ್ನು ಹಾರಿಸಿಕೊಳ್ಳುವವರು ಓದುಗರು. ಯಾವುದನ್ನು ತೋರಿಸಬೇಕು, ಯಾವುದನ್ನು ಆ ಗೆರೆಗೆ ಬಿಡಬೇಕು ಎಂಬ ತೀರ್ಮಾನ ಕುಂಚ ಹಿಡಿದವನ ಕೈಗೆ ಬರುವ ಮೊದಲೇ ಆಗಿರುತ್ತದೆ. ಅದನ್ನು ಮಾಡುವವನು ಬರಹಗಾರ. ನಮ್ಮಲ್ಲಿ ಆ ಕೆಲಸವನ್ನು ಜೀವಮಾನದ ಉದ್ಯೋಗವಾಗಿ ಮಾಡಿಕೊಂಡವರು ಕಾರ್ಕಳದ ಅನಂತ ಪೈ.

ಹುಟ್ಟಿದ್ದು 1929ರ ಸೆಪ್ಟೆಂಬರ್ 17. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆ ತಾಯಿ ಇಬ್ಬರೂ ಇಲ್ಲವಾದರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದರು. ಓದಿದ್ದು ರಸಾಯನಶಾಸ್ತ್ರ. ಮನಸ್ಸಿದ್ದದ್ದು ಮಕ್ಕಳ ಪುಸ್ತಕದಲ್ಲಿ. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ತಂದರು, ಅದು ಬಾಳಲಿಲ್ಲ. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಬಳಗದ ಪುಸ್ತಕ ವಿಭಾಗ. 1964ರಲ್ಲಿ ಅಲ್ಲಿಂದ ಹೊರಟ ಇಂದ್ರಜಾಲ ಕಾಮಿಕ್ಸ್‌ನ ಹಿಂದೆ ಅವರಿದ್ದರು. ಫ್ಯಾಂಟಮ್‌ನನ್ನು ನಮ್ಮ ಮಕ್ಕಳ ಕೈಗಿತ್ತವರಲ್ಲಿ ಅವರೂ ಒಬ್ಬರು.

1967ರಲ್ಲಿ ದೆಹಲಿಯ ಅಂಗಡಿಯೊಂದರ ಟಿವಿಯಲ್ಲಿ ಅವರು ಕಂಡ ಕ್ವಿಜ್ ಈಗ ದಂತಕಥೆಯೇ ಆಗಿದೆ. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಪೈ ಕೆಲಸ ಬಿಟ್ಟರು. ಇಂಡಿಯಾ ಬುಕ್ ಹೌಸ್‌ನ ಜಿ.ಎಲ್. ಮೀರ್‌ಚಂದಾನಿ ಅವರ ಬೆನ್ನಿಗೆ ನಿಂತರು. ಪೈ ತಂದ ‘ಅಮರ ಚಿತ್ರಕಥೆ’ ಕಾಮಿಕ್ಸ್ ಮಾಲೆಯ ಕಥೆಯನ್ನು ಎಲ್ಲರೂ ಶುರು ಮಾಡುವುದು ಇಲ್ಲಿಂದ.

ಆದರೆ ಹಳೆಯ ‘ಕೃಷ್ಣ’ ಸಂಚಿಕೆ ಕೈಗೆ ಸಿಕ್ಕರೆ ಸಂಖ್ಯೆ ನೋಡಿ. ಪೈ ಬರೆದು ರಾಮ್ ವಾಯಿರ್‌ಕರ್ ಚಿತ್ರಿಸಿದ ಆ ಪುಸ್ತಕವನ್ನು ಮೊದಲನೆಯದು ಎನ್ನುತ್ತಾರೆ. ಅದರ ಮೇಲಿರುವ ಸಂಖ್ಯೆ 11. ಮೊದಲ ಹತ್ತು ಎಲ್ಲಿ? ಅವು ಕನ್ನಡದಲ್ಲಿವೆ! ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಮ್ ಅವರ ಹುರುಪಿನಿಂದ 1965ರಲ್ಲಿ ಸಿಂಡ್ರೆಲಾ, ಅಲ್ಲಾದೀನ್, ಪಿನೋಕಿಯೋ ಮೊದಲಾದ ಹತ್ತು ಕಥೆಗಳು ಕನ್ನಡದಲ್ಲಿ ಬಂದವು, ಮಾರಾಟವೂ ಆದವು. ಅವುಗಳ ಬಲದ ಮೇಲೆ ಹನ್ನೊಂದನೆಯದು ಎದ್ದಿತು. ದೇಶಕ್ಕೆಲ್ಲ ಗೊತ್ತಾದ ಮಾಲೆಯ ತಳಪಾಯ ನಮ್ಮ ನುಡಿಯಲ್ಲಿದೆ ಎಂಬುದು ನಮಗೇ ಮರೆತುಹೋಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪವಾಡಗಳನ್ನು ಹೇಗೆ ತೋರಿಸುವುದು ಎಂಬ ಹಿಂಜರಿಕೆ ಪೈಗಳಿಗೆ ಶುರುವಿನಿಂದಲೇ ಇತ್ತು. ವಿಜ್ಞಾನ ಓದಿದ ಮನಸ್ಸು ಅದು. ಬಾಯಿಮಾತಿನ ಕಥೆಗೆ ‘ಅಂತೆ’ ಎಂಬ ಪ್ರತ್ಯಯದ ಅನುಕೂಲವಿದೆ. ಬಾಣ ಬಿಟ್ಟನಂತೆ ಅಂದರೆ ನಂಬುವವರಿಗೂ ಸರಿ, ನಂಬದವರಿಗೂ ಸರಿ. ಚಿತ್ರದಲ್ಲಿ ‘ಅಂತೆ’ ಬರೆಯಲಾಗದು. ಕೃಷ್ಣ ಬೆಟ್ಟ ಎತ್ತಿದ ಅಂದಮೇಲೆ ಎತ್ತಿಯೇ ತೋರಿಸಬೇಕು, ಇಲ್ಲವೇ ಆ ಪುಟವನ್ನೇ ಬಿಡಬೇಕು. ಮೂವತ್ತೆರಡು ಪುಟದಲ್ಲಿ ಇಡೀ ಜೀವನ ಹೇಳಬೇಕಾದವನಿಗೆ ಬಿಡುವುದೇ ಹೆಚ್ಚಿನ ಕೆಲಸ.

ಆ ಬರಹ ಹೇಗಿರುತ್ತದೆಂದು ಬಹಳ ಜನರಿಗೆ ತಿಳಿಯದು. ಇಂಥ ಚೌಕದಲ್ಲಿ ಯಾರು ಎಡಕ್ಕೆ, ಯಾರು ಬಲಕ್ಕೆ, ಮುಖದಲ್ಲಿ ಸಿಟ್ಟೋ ಭಯವೋ, ಹಿಂದೆ ಕಂಬವೋ ಮರವೋ, ಯಾರ ಬಾಯಲ್ಲಿ ಯಾವ ಮಾತು ಎಂದು ಕಲಾವಿದನಿಗೆ ಚೌಕ ಚೌಕವಾಗಿ ಬರೆದು ಕೊಡಬೇಕು. ಮೊದಲು ಮಾತಾಡುವವನನ್ನು ಎಡಕ್ಕೆ ನಿಲ್ಲಿಸದಿದ್ದರೆ ಉತ್ತರ ಪ್ರಶ್ನೆಗಿಂತ ಮುಂಚೆ ಬಂದುಬಿಡುತ್ತದೆ. ಮಾತು ಉದ್ದವಾದರೆ ಬಲೂನು ಚಿತ್ರವನ್ನೇ ನುಂಗುತ್ತದೆ. ಮಾತು ಎಷ್ಟು ಸಾಕು ಎಂಬ ಅಂದಾಜಿನಲ್ಲಿ ಪೈಗಳನ್ನು ಮೀರಿಸಿದವರನ್ನು ನಾನು ಓದಿಲ್ಲ.

ಅವರ ಮೇಲಿನ ಆಕ್ಷೇಪಗಳಲ್ಲಿ ಒಂದನ್ನು ನಾನೂ ಒಪ್ಪುತ್ತೇನೆ. ಅಸುರರಿಗೆ ಹಚ್ಚಿದ ಕಪ್ಪು ಬಣ್ಣ, ನಾಯಕಿಯರಿಗೆ ಕೊಟ್ಟ ಬಿಳುಪು ಎಷ್ಟೋ ಮಕ್ಕಳ ಮನಸ್ಸಿನಲ್ಲಿ ತಪ್ಪು ಅಳತೆಗೋಲು ನೆಟ್ಟಿತು. ಕಥೆಗೆ ಅದರ ಅಗತ್ಯವೇ ಇರಲಿಲ್ಲ.

1980ರಲ್ಲಿ ಅವರ ಮಕ್ಕಳ ಪತ್ರಿಕೆ ‘ಟಿಂಕಲ್’ ಬಂತು, ಪೈ ‘ಅಂಕಲ್ ಪೈ’ ಆದರು. ತಿರುಚ್ಚಿಯ ಓದುಗರೊಬ್ಬರು ಕಳಿಸಿದ ಕಥೆಯಿಂದ ಸುಪ್ಪಾಂಡಿ ಹುಟ್ಟಿಕೊಂಡ. ಓದುಗರ ಅಂಚೆಯಲ್ಲಿ ಪಾತ್ರವನ್ನು ಗುರುತಿಸುವ ಕಣ್ಣು ಸಾಮಾನ್ಯದ್ದಲ್ಲ. 2011ರ ಫೆಬ್ರುವರಿಯಲ್ಲಿ ದೆಹಲಿಯ ಮೊದಲ ಕಾಮಿಕ್ ಕಾನ್ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ನೀಡಿತು. ಅದೇ ತಿಂಗಳ 24ರಂದು ಮುಂಬಯಿಯಲ್ಲಿ ತೀರಿಕೊಂಡರು.

ಆ ಭಾನುವಾರ ಚಿಲುಮೆಯಿಂದ ಬೆಟ್ಟ ಹತ್ತಿದೆವು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಒಂದೇ ಬೆಟ್ಟಕ್ಕೆ ಎಷ್ಟು ಹೆಸರು! ಆನೆ ಬಿದ್ದು ಆನೆಬಿದ್ದಸರಿ, ಪಾಳೆಯಗಾರನಿಂದ ಜಡಕನದುರ್ಗ, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ. ಮೂವತ್ತೆರಡು ಪುಟಕ್ಕೆ ಧಾರಾಳವಾಗಿ ಆಗುವ ಸರಕು ಇದು. ತುಮಕೂರಿನ ಕಡೆಯ ಯಾರಾದರೂ ಬರೆಯಲಿ, ಚಿತ್ರಿಸಲು ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಮೊದಲ ಚೌಕಕ್ಕೆ ಬರೀ ಬಂಡೆ ಸಾಕು, ಮಾತು ಬೇಡ. ಎರಡನೆಯದರಲ್ಲಿ ಒಂದು ಕೈ, ಅದರಲ್ಲಿ ಒಣಗಿದ ನಾಮದ ಉಂಡೆ.