ಫ್ಯೂಚುರ ಮತ್ತು ಕಾಬೆಲ್: ಎರಡು ಅಚ್ಚುಮೊಳೆಗಳ ವಿಮರ್ಶೆ

ವೈಮಾರ್ ಗಣರಾಜ್ಯದ (1919–1933) ಚರಿತ್ರೆಯನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸುತ್ತಿರುವ ಚಿತ್ರಫಲಕಗಳ ಜರ್ಮನ್ ಶೀರ್ಷಿಕೆಗಳಿಗೆ ಯಾವ ಅಕ್ಷರರೂಪವು ಯುಕ್ತವೆಂಬ ಪ್ರಶ್ನೆ ಈಚೆಗೆ ನಮ್ಮ ಮುಂದೆ ಬಂದಿತು. ಕಡೆಗೆ ಫ್ಯೂಚುರ, ಕಾಬೆಲ್ ಎಂಬ ಎರಡು ಉಳಿದುವು. ಎರಡೂ 1927ರಲ್ಲಿ ಹೊರಬಂದುವು. ಎರಡರಲ್ಲೂ ಅಕ್ಷರದ ತುದಿಗೆ ಕಿರುಗೀಟುಗಳಿಲ್ಲ. ಎರಡೂ ಕೈವಾರ, ಅಳತೆಪಟ್ಟಿಗಳಿಂದಲೇ ಹುಟ್ಟಿದುವೆಂದು ಪ್ರಸಿದ್ಧವಾಗಿವೆ. ಈ ಪ್ರಸಿದ್ಧಿಯನ್ನೇ ನಾವು ಮೊದಲು ಪರೀಕ್ಷಿಸಬೇಕಾಗಿದೆ.

ಫ್ಯೂಚುರದ ಕರ್ತೃ ಪಾಲ್ ರೆನ್ನರ್. ಅವನ ಮೊದಲ ಕರಡುಗಳಲ್ಲಿದ್ದ ಶುದ್ಧ ರೇಖಾಗಣಿತದ ವಿಚಿತ್ರ ರೂಪಗಳು ಬಹುಮಟ್ಟಿಗೆ ಬಳಕೆಯಲ್ಲಿ ನಿಲ್ಲಲಿಲ್ಲ. ದೊಡ್ಡಕ್ಷರಗಳ ಪ್ರಮಾಣವಾದರೋ ಪ್ರಾಚೀನ ರೋಮಿನ ಶಿಲಾಶಾಸನಗಳದು. ದುಂಡು ಭಾಗವು ಕಂಬವನ್ನು ಕೂಡುವೆಡೆ ಗೆರೆಯು ತುಸು ತೆಳುವಾಗುತ್ತದೆ. ಕೈವಾರಕ್ಕೆ ಈ ದಾಕ್ಷಿಣ್ಯವಿಲ್ಲ, ಇದು ಕಣ್ಣಿನ ತಿದ್ದುಪಡಿ. ಆದುದರಿಂದ ಫ್ಯೂಚುರವು ಪೂರ್ವಪರಂಪರೆಯಿಲ್ಲದ ಹೊಸ ಯುಗದ ಲಿಪಿಯೆಂಬ ಮಾತನ್ನು ನಾವು ಒಪ್ಪಲಾರೆವು.

ಕಾಬೆಲ್ ಅನ್ನು ರಚಿಸಿದ ರುಡಾಲ್ಫ್ ಕೋಖ್ ಆಫೆನ್‌ಬಾಖಿನ ಕ್ಲಿಂಗ್‌ಸ್ಪೋರ್ ಎರಕಶಾಲೆಯವನು. ಲೇಖನಿಯನ್ನು ಹಿಡಿದು ಗೋಥಿಕ್ ಅಕ್ಷರಗಳಲ್ಲಿ ಪಳಗಿದ ಕೈ. ಆ ಕೈಯನ್ನು ಅವನು ಮುಚ್ಚಿಡಲಿಲ್ಲ. ಸಣ್ಣ ‘ಇ’ ಅಕ್ಷರದ ನಡುಗೆರೆ ಓರೆಯಾಗಿದೆ. ಗೆರೆಗಳ ತುದಿಗಳು ಓರೆಯಾಗಿ ಕತ್ತರಿಸಿವೆ. ಹಳೆಯ ಗೋಥಿಕ್ ಲಿಪಿ, ಹೊಸ ರೋಮನ್ ರೂಪ ಇವೆರಡರ ಕಲಹವು ಆ ಕಾಲದ ಜರ್ಮನಿಯಲ್ಲಿ ಕೇವಲ ಮುದ್ರಣದ ವಿಷಯವಾಗಿರಲಿಲ್ಲ. ಆ ಕಲಹವು ಒಬ್ಬನ ಕೈಯಲ್ಲೇ ನಡೆದುದನ್ನು ಕಾಬೆಲ್ ತೋರಿಸುತ್ತದೆ. ನಮ್ಮ ಫಲಕಗಳಿಗೆ ಅದೇ ತಕ್ಕುದೆಂದು ನಮ್ಮ ಮತ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ರೆನ್ನರನು 1932ರಲ್ಲಿ ನಾಜಿಗಳ ಸಂಸ್ಕೃತಿನೀತಿಯನ್ನು ಖಂಡಿಸಿ ಪುಸ್ತಕ ಬರೆದನು. 1933ರಲ್ಲಿ ಬಂಧಿತನಾಗಿ ಮ್ಯೂನಿಕ್ಕಿನ ಮುದ್ರಣಶಾಲೆಯ ಮುಖ್ಯಸ್ಥ ಪದವಿಯನ್ನು ಕಳೆದುಕೊಂಡನು. ಅವನಿಗೆ ಸಲ್ಲಬೇಕಾದ ಗೌರವವನ್ನು ಅಕ್ಷರದ ಆಯ್ಕೆಯಿಂದಲೇ ಸಲ್ಲಿಸಬಾರದೇಕೆ? ಈ ಪ್ರಶ್ನೆ ನಮ್ಮನ್ನು ಬಹಳ ಹೊತ್ತು ತಡೆಯಿತು. ಆದರೆ ಫ್ಯೂಚುರದ ದುಂಡನೆಯ ‘ಓ’ವನ್ನು ನೋಡಿದವನಿಗೆ ಆ ಬಂಧನದ ಸುಳಿವು ಸಿಕ್ಕದು. ಅದಕ್ಕೆ ಬೇರೊಂದು ಫಲಕವನ್ನೇ ಮೀಸಲಿಡುವುದು ಲೇಸು.

ಒಂದು ಎಚ್ಚರಿಕೆ ಅಗತ್ಯ. ಈಗ ಗಣಕಯಂತ್ರಗಳಲ್ಲಿ ಕಾಬೆಲ್ ಎಂಬ ಹೆಸರಿನಿಂದ ಸಿಕ್ಕುವುದು ಎಷ್ಟೋ ವೇಳೆ 1970ರ ದಶಕದ ಅಮೆರಿಕನ್ ಪರಿಷ್ಕರಣ. ಅದರಲ್ಲಿ ಸಣ್ಣಕ್ಷರಗಳ ಮೈಯನ್ನು ಹಿಗ್ಗಿಸಲಾಗಿದೆ. 1920ರ ದಶಕದ ಫಲಕಕ್ಕೆ ಅದು ಪ್ರಕ್ಷಿಪ್ತ ಪಾಠವಾಗುತ್ತದೆ. ಮೂಲರೂಪದ ಸಣ್ಣಕ್ಷರಗಳು ತೀರ ಗಿಡ್ಡವೆಂಬುದು ನಿಜ. ಚಿತ್ರಗಳ ಕೆಳಗಿನ ವಿವರಗಳಿಗೆ ಅಳತೆಯನ್ನು ಒಂದೆರಡು ಪಾಯಿಂಟ್ ಹೆಚ್ಚಿಸಬೇಕಾದೀತು.